ಮರದ ದೋಣಿಯ ಹೊರಮೈ: ಬಣ್ಣವೋ, ಪಾರದರ್ಶಕ ಲೇಪವೋ?

ಪೀಠಿಕೆ

ಭಾರತದ ಕರಾವಳಿಯಲ್ಲಿಯೂ ನದಿ, ಹಿನ್ನೀರು ಹಾಗೂ ಜಲಾಶಯಗಳಲ್ಲಿಯೂ ಮರದ ದೋಣಿಗಳು ಇಂದಿಗೂ ಸಾವಿರಾರು ಕುಟುಂಬಗಳಿಗೆ ಜೀವನಾಧಾರವಾಗಿವೆ. ನಾರುಗಾಜಿನ ದೋಣಿಗಳು ಬಳಕೆಗೆ ಬಂದಿದ್ದರೂ ಮರದ ದೋಣಿಯನ್ನು ನಂಬಿದವರ ಸಂಖ್ಯೆ ಕಡಿಮೆಯಲ್ಲ. ಒಂದು ಸಾಧಾರಣ ದೋಣಿಯನ್ನು ಕಟ್ಟಿಸಲು ಮೀನುಗಾರನು ಹಲವು ವರ್ಷಗಳ ಉಳಿತಾಯವನ್ನು ವೆಚ್ಚ ಮಾಡುತ್ತಾನೆ. ಅನೇಕ ವೇಳೆ ಸಾಲವನ್ನೂ ಪಡೆಯುತ್ತಾನೆ. ಸಾಲ ತೀರುವ ಮೊದಲೇ ದೋಣಿಯ ಹಲಗೆ ಕೊಳೆತರೆ ಆ ಕುಟುಂಬದ ದುಡಿಮೆಯೇ ನಿಂತುಹೋಗುತ್ತದೆ. ಆದುದರಿಂದ ದೋಣಿಯ ಹೊರಮೈಗೆ ಯಾವ ಲೇಪವನ್ನು ಬಳಿಯಬೇಕು ಎಂಬುದು ಕೇವಲ ಅಂದಚಂದದ ಪ್ರಶ್ನೆಯಲ್ಲ.

ಹೊರಮೈಯ ಲೇಪಗಳನ್ನು ಸ್ಥೂಲವಾಗಿ ಎರಡು ವರ್ಗಗಳಾಗಿ ವಿಂಗಡಿಸಬಹುದು. ಮರದ ಮೇಲ್ಮೈಯನ್ನು ಪೂರ್ಣವಾಗಿ ಮರೆಮಾಡುವ ಬಣ್ಣವು ಮೊದಲನೆಯದು. ಮರದ ನಾರು, ಗೆರೆ ಹಾಗೂ ಸಹಜ ವರ್ಣವು ಕಾಣುವಂತೆ ಬಿಡುವ ಪಾರದರ್ಶಕ ಲೇಪವು ಎರಡನೆಯದು. ವಾರ್ನಿಷ್, ಅಗಸೆ ಎಣ್ಣೆ, ಮೀನೆಣ್ಣೆ ಮೊದಲಾದವು ಈ ಎರಡನೆಯ ವರ್ಗಕ್ಕೆ ಸೇರುತ್ತವೆ. ಇವೆರಡರ ಗುಣದೋಷಗಳನ್ನು ತಿಳಿದು, ತನ್ನ ದೋಣಿಗೆ ಯಾವುದು ತಕ್ಕುದೆಂದು ಓದುಗನು ತಾನೇ ನಿರ್ಧರಿಸಲು ಶಕ್ತನಾಗಬೇಕೆಂಬುದು ಈ ಪಾಠದ ಉದ್ದೇಶವಾಗಿದೆ.

ಮರವನ್ನು ಹಾಳುಮಾಡುವ ಕಾರಣಗಳು

ಲೇಪದ ಆಯ್ಕೆಗೆ ಮುನ್ನ ಮರವು ಏಕೆ ಹಾಳಾಗುತ್ತದೆ ಎಂಬುದನ್ನು ಅರಿಯಬೇಕು. ಇದಕ್ಕೆ ಮುಖ್ಯವಾಗಿ ನಾಲ್ಕು ಕಾರಣಗಳುಂಟು.

ಮೊದಲನೆಯದು ಬಿಸಿಲು. ಮರದ ನಾರುಗಳನ್ನು ಒಂದಕ್ಕೊಂದು ಬೆಸೆದಿಡುವ ಲಿಗ್ನಿನ್ ಎಂಬ ದ್ರವ್ಯವನ್ನು ಸೂರ್ಯನ ಅತಿನೇರಳೆ ಕಿರಣಗಳು ಒಡೆಯುತ್ತವೆ. ಒಡೆದ ಲಿಗ್ನಿನ್ ಮಳೆಯಲ್ಲಿ ತೊಳೆದುಹೋಗುತ್ತದೆ. ಉಳಿದ ನಾರು ಬೂದುಬಣ್ಣಕ್ಕೆ ತಿರುಗುತ್ತದೆ. ಇದು ನೋಡಲು ಆತಂಕಕಾರಿಯಾಗಿ ಕಂಡರೂ ಬಹಳ ನಿಧಾನವಾದ ಕ್ರಿಯೆ. ಸಮಶೀತೋಷ್ಣ ದೇಶಗಳಲ್ಲಿ ಬಯಲಿಗೆ ಒಡ್ಡಿದ ಮೃದುಮರವು ನೂರು ವರ್ಷಗಳಲ್ಲಿ ಸುಮಾರು 6 ಮಿಲಿಮೀಟರ್ ಮಾತ್ರ ಸವೆಯುತ್ತದೆ ಎಂದು ಅಂದಾಜಿಸಲಾಗಿದೆ. ಆದುದರಿಂದ ಮರವು ಬೂದುಬಣ್ಣಕ್ಕೆ ತಿರುಗಿದ ಮಾತ್ರಕ್ಕೆ ದೋಣಿ ಕೆಟ್ಟಿತೆಂದು ಭಾವಿಸಬೇಕಾಗಿಲ್ಲ.

ಎರಡನೆಯದು ಒದ್ದೆಯಾಗುವಿಕೆ ಮತ್ತು ಒಣಗುವಿಕೆಯ ಆವರ್ತನ. ಮರವು ತೇವವನ್ನು ಹೀರಿದಾಗ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಹಸಿಮರವು ಪೂರ್ಣವಾಗಿ ಒಣಗುವಷ್ಟರಲ್ಲಿ ತೇಗದಂತಹ ಸ್ಥಿರವಾದ ಮರವೂ ಬೆಳವಣಿಗೆಯ ಉಂಗುರಗಳ ಗುಂಟ ಶೇಕಡ 5ರಿಂದ 6ರಷ್ಟು ಕುಗ್ಗುತ್ತದೆ. ಉದ್ದದ ದಿಕ್ಕಿನಲ್ಲಾದರೋ ಕುಗ್ಗುವಿಕೆ ನಗಣ್ಯ. ದಿಕ್ಕಿನಿಂದ ದಿಕ್ಕಿಗೆ ಇರುವ ಈ ವ್ಯತ್ಯಾಸದಿಂದಲೇ ಹಲಗೆ ಸೊಟ್ಟಗಾಗುತ್ತದೆ, ಸೀಳುತ್ತದೆ. ಹಲಗೆಗಳ ನಡುವಣ ಸಂದು ಬಾಯಿಬಿಡುತ್ತದೆ.

ಮೂರನೆಯದು ಶಿಲೀಂಧ್ರ. ಮರದ ತೇವಾಂಶವು ಶೇಕಡ 20ಕ್ಕಿಂತ ಕಡಿಮೆ ಇರುವವರೆಗೆ ಕೊಳೆತವನ್ನುಂಟುಮಾಡುವ ಶಿಲೀಂಧ್ರವು ಬೆಳೆಯಲಾರದು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಕೊಳೆತಕ್ಕೆ ಸಮುದ್ರದ ಉಪ್ಪುನೀರಿಗಿಂತ ಮಳೆಯ ಸಿಹಿನೀರೇ ಹೆಚ್ಚು ಅನುಕೂಲಕರ. ಉಪ್ಪು ಶಿಲೀಂಧ್ರದ ಬೆಳವಣಿಗೆಯನ್ನು ತಡೆಯುತ್ತದೆ. ಕಡಲಿನಲ್ಲಿ ವರ್ಷಗಟ್ಟಲೆ ಗಟ್ಟಿಯಾಗಿದ್ದ ದೋಣಿಯು ದಡದಲ್ಲಿ ಮಳೆನೀರು ತುಂಬಿ ನಿಂತಾಗ ಕೊಳೆಯುವುದು ಈ ಕಾರಣದಿಂದ.

ನಾಲ್ಕನೆಯದು ಕಡಲಿನ ಮರಕೊರಕ ಜೀವಿಗಳು. ಇವುಗಳ ವಿಚಾರವನ್ನು ಮುಂದೆ ಪ್ರತ್ಯೇಕವಾಗಿ ವಿವರಿಸಲಾಗಿದೆ.

ಬಣ್ಣವು ಹೇಗೆ ರಕ್ಷಿಸುತ್ತದೆ?

ಬಣ್ಣದಲ್ಲಿ ಎರಡು ಮುಖ್ಯ ಅಂಶಗಳಿರುತ್ತವೆ: ಒಣಗಿ ಪೊರೆಯಾಗುವ ಎಣ್ಣೆ ಅಥವಾ ರಾಳ, ಮತ್ತು ಅದರಲ್ಲಿ ಬೆರೆತ ವರ್ಣದ್ರವ್ಯದ ಸೂಕ್ಷ್ಮ ಕಣಗಳು. ವರ್ಣದ್ರವ್ಯವು ಕೇವಲ ಚೆಲುವಿಗಾಗಿ ಇರುವುದಲ್ಲ. ಅದು ಬಿಸಿಲನ್ನು ತಡೆಯುವ ಕೊಡೆ. ಕಿರಣಗಳು ಬಣ್ಣದ ಮೇಲ್ಪದರದಲ್ಲಿಯೇ ತಡೆಯಲ್ಪಡುವುದರಿಂದ ಅಡಿಯಲ್ಲಿರುವ ಮರದ ಲಿಗ್ನಿನ್ ಒಡೆಯುವುದಿಲ್ಲ. ಬಣ್ಣವು ಕಾಲಕ್ರಮದಲ್ಲಿ ಮೇಲಿನಿಂದ ಸವೆದು ಪುಡಿಯಾಗುತ್ತದೆಯೇ ಹೊರತು ಮರದಿಂದ ಸುಲಭವಾಗಿ ಕಳಚಿಕೊಳ್ಳುವುದಿಲ್ಲ. ಈ ಕಾರಣದಿಂದ ಸರಿಯಾಗಿ ಬಳಿದ ಕಡಲಬಣ್ಣವು ಉಷ್ಣವಲಯದ ಬಿಸಿಲಿನಲ್ಲಿಯೂ ಕೆಲವು ವರ್ಷ ಬಾಳುತ್ತದೆ.

ಬಣ್ಣಕ್ಕೂ ದೋಷಗಳಿವೆ. ಅವುಗಳಲ್ಲಿ ಮುಖ್ಯವಾದುದು, ಅದು ಮರೆಮಾಡುತ್ತದೆ ಎಂಬುದು. ಸಂದಿನಿಂದಲೋ ಮೊಳೆಯ ತೂತಿನಿಂದಲೋ ಒಳಹೊಕ್ಕ ನೀರು ಬಣ್ಣದ ಪೊರೆಯ ಹಿಂದೆ ಉಳಿದು, ಹಲಗೆಯು ಒಳಗಿಂದೊಳಗೇ ಕೊಳೆಯುತ್ತಿದ್ದರೂ ಹೊರನೋಟಕ್ಕೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಬಣ್ಣದ ಮೇಲೆ ಗುಳ್ಳೆ ಎದ್ದಾಗ ಮಾತ್ರ ಸುಳಿವು ಸಿಗುತ್ತದೆ. ಒದ್ದೆ ಮರದ ಮೇಲೆ ಬಳಿದ ಬಣ್ಣವು ತೇವವನ್ನು ಒಳಗೇ ಬಂಧಿಸುತ್ತದೆ.

ವರ್ಣದ ಆಯ್ಕೆಯೂ ಮುಖ್ಯ. ಕಪ್ಪು, ಕಡುನೀಲಿಯಂತಹ ಗಾಢ ವರ್ಣಗಳು ಬಿಸಿಲಿನ ಶಾಖವನ್ನು ಹೆಚ್ಚಾಗಿ ಹೀರುತ್ತವೆ. ಅದರಿಂದ ಹಲಗೆಗಳು ಬೇಗ ಒಣಗಿ ಸಂದುಗಳು ಬಾಯಿಬಿಡುತ್ತವೆ. ಆಯ್ಕೆಗೆ ಅವಕಾಶವಿರುವಲ್ಲಿ ಬಿಳಿ ಅಥವಾ ತಿಳಿವರ್ಣವೇ ದೋಣಿಗೆ ಹಿತಕರ.

ಪಾರದರ್ಶಕ ಲೇಪದ ಗುಣದೋಷಗಳು

ವಾರ್ನಿಷ್ ಎಂಬುದು ವರ್ಣದ್ರವ್ಯವಿಲ್ಲದ ಬಣ್ಣವೆಂದು ಸ್ಥೂಲವಾಗಿ ಹೇಳಬಹುದು. ಅದು ನೀರನ್ನು ತಕ್ಕಮಟ್ಟಿಗೆ ತಡೆಯುತ್ತದೆ. ಆದರೆ ಬೆಳಕನ್ನು ಒಳಬಿಡುತ್ತದೆ. ಪೊರೆಯನ್ನು ಹಾಯ್ದ ಕಿರಣಗಳು ಪೊರೆಯೂ ಮರವೂ ಸೇರುವ ಎಡೆಯಲ್ಲಿಯೇ ಲಿಗ್ನಿನ್ ಅನ್ನು ಒಡೆಯುತ್ತವೆ. ಆಗ ಪೊರೆಗೆ ಹಿಡಿತವೇ ತಪ್ಪಿ ಅದು ಹಾಳೆಹಾಳೆಯಾಗಿ ಏಳುತ್ತದೆ. ಬಣ್ಣವು ಮೇಲಿನಿಂದ ಸವೆಯುವುದು, ವಾರ್ನಿಷ್ ಅಡಿಯಿಂದ ಕಳಚುವುದು: ಇವೆರಡರ ನಡುವಣ ಮೂಲಭೂತ ವ್ಯತ್ಯಾಸ ಇದೇ. ಅತಿನೇರಳೆ ಕಿರಣಗಳನ್ನು ಹೀರುವ ರಾಸಾಯನಿಕಗಳನ್ನು ಕಡಲ ವಾರ್ನಿಷ್‌ಗಳಲ್ಲಿ ಸೇರಿಸಿರುತ್ತಾರೆ. ಅವು ಈ ಕ್ರಿಯೆಯನ್ನು ನಿಧಾನಗೊಳಿಸುತ್ತವೆಯೇ ಹೊರತು ನಿಲ್ಲಿಸುವುದಿಲ್ಲ. ಈ ರಾಸಾಯನಿಕಗಳು ಪೊರೆಯ ದಪ್ಪವನ್ನು ಅವಲಂಬಿಸಿ ಕೆಲಸ ಮಾಡುವುದರಿಂದ ಒಂದೆರಡು ಪದರ ಬಳಿದರೆ ಪ್ರಯೋಜನವಿಲ್ಲ. ಆರರಿಂದ ಎಂಟು ಪದರಗಳು ಬೇಕಾಗುತ್ತವೆ. ಅನಂತರವೂ ವರ್ಷಕ್ಕೊಮ್ಮೆ, ತೀವ್ರ ಬಿಸಿಲಿರುವಲ್ಲಿ ವರ್ಷಕ್ಕೆ ಎರಡು ಬಾರಿ, ಮೇಲ್ಪದರವನ್ನು ನವೀಕರಿಸಬೇಕು.

ಮನೆಯ ಬಾಗಿಲು, ಪೀಠೋಪಕರಣಗಳಿಗೆ ಬಳಸುವ ವಾರ್ನಿಷ್ ದೋಣಿಗೆ ಸಲ್ಲದು. ಅದರ ಪೊರೆ ಗಡುಸಾಗಿದ್ದು, ಮರವು ಹಿಗ್ಗಿ ಕುಗ್ಗುವಾಗ ಸೀಳುತ್ತದೆ. ದೋಣಿಗೆ ಎಣ್ಣೆಯ ಪ್ರಮಾಣ ಹೆಚ್ಚಾಗಿರುವ, ಬಾಗುವ ಗುಣವುಳ್ಳ ಕಡಲ ವಾರ್ನಿಷ್ ಬೇಕು. ಅರಗಿನ ಪಾಲಿಷ್ ನೀರು ತಗುಲಿದರೆ ಬೆಳ್ಳಗಾಗುವುದರಿಂದ ಅದನ್ನಂತೂ ಬಳಸಲೇಬಾರದು.

ಎಣ್ಣೆಗಳು ಪೊರೆಯಾಗಿ ನಿಲ್ಲದೆ ಮರದೊಳಗೆ ಇಳಿಯುತ್ತವೆ. ಅವು ಕಳಚುವುದಿಲ್ಲ, ಕೆರೆದು ತೆಗೆಯುವ ಶ್ರಮವಿಲ್ಲ; ಒಂದು ಬಟ್ಟೆಯಿದ್ದರೆ ಯಾರಾದರೂ ಬಳಿಯಬಹುದು. ಆದರೆ ರಕ್ಷಣೆಯ ಅವಧಿ ಅಲ್ಪ. ಕೆಲವು ವಾರ ಅಥವಾ ತಿಂಗಳುಗಳಲ್ಲಿ ಮತ್ತೆ ಬಳಿಯಬೇಕು. ಶುದ್ಧ ಅಗಸೆ ಎಣ್ಣೆಯು ಆರ್ದ್ರ ಹವೆಯಲ್ಲಿ ಬೂಷ್ಟು ಹಿಡಿದು ಮರವನ್ನು ಕಪ್ಪಾಗಿಸುತ್ತದೆ.

ಪಾರದರ್ಶಕ ಲೇಪಕ್ಕೆ ಇರುವ ದೊಡ್ಡ ಗುಣವೆಂದರೆ ಅದು ಏನನ್ನೂ ಅಡಗಿಸುವುದಿಲ್ಲ. ನೀರು ಒಳಹೊಕ್ಕಲ್ಲಿ ಮರ ಕಪ್ಪಾಗುವುದು, ಬಿರುಕು ಬಿಡುವುದು, ಕಬ್ಬಿಣದ ಮೊಳೆಯ ಸುತ್ತ ಕಲೆ ಹಬ್ಬುವುದು ಎಲ್ಲವೂ ಮೊದಲ ದಿನವೇ ಕಣ್ಣಿಗೆ ಬೀಳುತ್ತವೆ. ಕಣ್ಣಿಗೆ ಬಿದ್ದುದನ್ನು ಕೂಡಲೇ ಸರಿಪಡಿಸುವ ಯಜಮಾನನಿಗೆ ಇದು ವರ. ಸರಿಪಡಿಸಲು ಬಿಡುವಿಲ್ಲದವನಿಗೆ ಇದರಿಂದ ಪ್ರಯೋಜನವಿಲ್ಲ.

ಪರಂಪರೆಯ ಪಾಠ

ನಮ್ಮ ದೇಶದ ದೋಣಿಕಾರರು ಎರಡೂ ವಿಧಾನಗಳನ್ನು ಬಲ್ಲವರಾಗಿದ್ದರು. ಕರ್ನಾಟಕ ಹಾಗೂ ಕೇರಳದ ಕರಾವಳಿಯಲ್ಲಿ ದೋಣಿಗಳಿಗೆ ಮೀನೆಣ್ಣೆಯನ್ನೂ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೂ ಬಳಿಯುವ ರೂಢಿಯಿತ್ತು. ಬೂತಾಯಿ ಮೀನಿನ ಎಣ್ಣೆಯು ಗಾಳಿಯಲ್ಲಿ ನಿಧಾನವಾಗಿ ಗಟ್ಟಿಯಾಗುವ ಗುಣವುಳ್ಳದ್ದು. ತೆಂಗಿನೆಣ್ಣೆಗೆ ಈ ಗುಣವಿಲ್ಲ. ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು ಕಟ್ಟುವ ಕೇರಳದ ಕೆಟ್ಟುವಳ್ಳಗಳ ಕಪ್ಪು ಲೇಪವು ಗೇರುಬೀಜದಿಂದ ತೆಗೆದುದು.

ಆಲಪ್ಪುಳದ ಪುನ್ನಮಡ ಸರೋವರದಲ್ಲಿ 1952ರಿಂದ ನಡೆದುಬಂದಿರುವ ನೆಹರು ಟ್ರೋಫಿ ಸ್ಪರ್ಧೆಯ ಹಾವುದೋಣಿಗಳು ಇಲ್ಲಿ ಒಳ್ಳೆಯ ನಿದರ್ಶನ. ಕೇರಳದ ಸ್ಪರ್ಧಾದೋಣಿಗಳಿಗೆ ಮೀನೆಣ್ಣೆ, ತೆಂಗಿನ ಚಿಪ್ಪಿನ ಇದ್ದಿಲು ಮತ್ತು ಮೊಟ್ಟೆಯನ್ನು ಬೆರೆಸಿ ಬಳಿಯುವುದು ಸಂಪ್ರದಾಯ. ಇದರಿಂದ ದೋಣಿಯ ಮೈ ನುಣುಪಾಗಿ ನೀರನ್ನು ಸುಲಭವಾಗಿ ಸೀಳುತ್ತದೆ. ಇಷ್ಟು ಅಲ್ಪಕಾಲಿಕವಾದ ಲೇಪವು ಅವುಗಳಿಗೆ ಸಾಕಾಗುವುದೇಕೆ? ಆ ದೋಣಿಗಳು ನೀರಿನಲ್ಲಿರುವುದು ವರ್ಷದಲ್ಲಿ ಕೆಲವೇ ದಿನ. ಉಳಿದ ಕಾಲ ಅವು ಮಾಡಿನ ಅಡಿಯಲ್ಲಿ, ನೆರಳಿನಲ್ಲಿ ಇರುತ್ತವೆ. ಅವುಗಳ ಆರೈಕೆಗೆ ಇಡೀ ಊರಿನ ಕೈಗಳಿವೆ. ಬಿಸಿಲಿನಲ್ಲಿ ಬಿದ್ದಿರುವ, ಒಬ್ಬನೇ ಯಜಮಾನನ ಆರೈಕೆಯ ಮೀನುಗಾರಿಕೆ ದೋಣಿಗೆ ಅದೇ ಲೇಪವು ಸಾಲದು.

ಹಳೆಯ ಹಡಗು ನಿರ್ಮಾಣ ವಿಧಾನವನ್ನು ಮತ್ತೆ ಬಳಕೆಗೆ ತಂದ ಇತ್ತೀಚಿನ ಉದಾಹರಣೆಯೂ ಉಂಟು. ಅಜಂತಾದ ಚಿತ್ರವೊಂದರಲ್ಲಿ ಕಾಣುವ ಹಡಗಿನ ಮಾದರಿಯಲ್ಲಿ ಹಲಗೆಗಳನ್ನು ಹೊಲಿದು ಕಟ್ಟಲಾದ ಐಎನ್ಎಸ್‌ವಿ ಕೌಂಡಿನ್ಯ ನೌಕೆಯನ್ನು 2025ರ ಮೇ 21ರಂದು ಕಾರವಾರದಲ್ಲಿ ಭಾರತೀಯ ನೌಕಾಪಡೆಗೆ ಸೇರಿಸಿಕೊಳ್ಳಲಾಯಿತು. ಅದರ ನಿರ್ಮಾಣದಲ್ಲಿ ತೆಂಗಿನ ನಾರಿನ ಹಗ್ಗ ಹಾಗೂ ನೈಸರ್ಗಿಕ ರಾಳವನ್ನು ಬಳಸಲಾಗಿದೆ.

ಇದಕ್ಕೆ ಭಿನ್ನವಾದುದು ಮುಂಬಯಿಯ ಪರಂಪರೆ. ಅಲ್ಲಿಯ ಹಡಗುಕಟ್ಟೆಯಲ್ಲಿ ವಾಡಿಯಾ ಮನೆತನದ ಶಿಲ್ಪಿಗಳು ಮಲಬಾರಿನ ತೇಗದಿಂದ ಕಟ್ಟಿ 1817ರಲ್ಲಿ ನೀರಿಗಿಳಿಸಿದ ಟ್ರಿಂಕೋಮಲಿ ಎಂಬ ಯುದ್ಧನೌಕೆ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್ ಪಟ್ಟಣದಲ್ಲಿ ಇಂದಿಗೂ ತೇಲುತ್ತಿದೆ. ಇಷ್ಟು ಗಟ್ಟಿಯಾದ ತೇಗಕ್ಕೂ ಬಣ್ಣದ ಹೊದಿಕೆ ಬೇಕಾಯಿತೆಂಬುದನ್ನು ಮರೆಯಬಾರದು.

ನೀರಿನ ಕೆಳಗಿನ ಭಾಗ

ಇದುವರೆಗೆ ಹೇಳಿದ್ದು ನೀರುಗೆರೆಯ ಮೇಲಿನ ಭಾಗಕ್ಕೆ ಅನ್ವಯಿಸುತ್ತದೆ. ಉಪ್ಪುನೀರಿನಲ್ಲಿ ಸದಾ ಮುಳುಗಿರುವ ಭಾಗದಲ್ಲಿ ಆಯ್ಕೆಯ ಪ್ರಶ್ನೆಯೇ ಏಳುವುದಿಲ್ಲ. ಅಲ್ಲಿ ಪಾರದರ್ಶಕ ಲೇಪಕ್ಕೆ ಸ್ಥಾನವಿಲ್ಲ.

ಹಡಗುಹುಳು ಎಂದು ಕರೆಯಲ್ಪಡುವ ಜೀವಿಯು ವಾಸ್ತವವಾಗಿ ಹುಳುವಲ್ಲ. ಚಿಪ್ಪುಜೀವಿಗಳ ಜಾತಿಗೆ ಸೇರಿದ್ದು. ಅದರ ಮರಿಯು ಸೂಜಿಮೊನೆಯಷ್ಟು ತೂತು ಕೊರೆದು ಒಳಹೊಕ್ಕು, ಒಳಗೇ ಬೆಳೆಯುತ್ತ, ಹಲಗೆಯನ್ನು ಜೇನುಗೂಡಿನಂತೆ ಮಾಡುತ್ತದೆ. ಹೊರಗಿನ ತೂತು ಮಾತ್ರ ಹಾಗೆಯೇ ಚಿಕ್ಕದಾಗಿ ಉಳಿಯುತ್ತದೆ. ಇದನ್ನು ತಡೆಯಲು ತಾಮ್ರದ ಸಂಯುಕ್ತಗಳುಳ್ಳ ಕಡಲಜೀವಿ ನಿರೋಧಕ ಬಣ್ಣವನ್ನು ಬಳಸಬೇಕು. ಹಿಂದಿನ ಕಾಲದಲ್ಲಿ ತಾಮ್ರದ ತಗಡನ್ನು ಹೊದಿಸುವ ಅಥವಾ ಸುಣ್ಣವನ್ನು ಕೊಬ್ಬಿನೊಡನೆ ಕಲಸಿ ಮೆತ್ತುವ ಪದ್ಧತಿಯಿತ್ತು. ಈ ಹೊದಿಕೆಯಲ್ಲಿ ಒಂದು ಗೀರು ಬಿದ್ದರೂ ಅದೇ ಮರಿಗಳಿಗೆ ಬಾಗಿಲಾಗುತ್ತದೆ. ದೋಣಿಯನ್ನು ಆಗಾಗ ದಡಕ್ಕೆಳೆದು ಒಣಗಿಸುವುದರಿಂದ ಮರಿಗಳು ಸಾಯುತ್ತವೆ. ಮರಳಿನ ಮೇಲೆ ದೋಣಿಯನ್ನು ಎಳೆದಿಡುವ ಹಳೆಯ ರೂಢಿಯ ಹಿಂದೆ ಈ ಲಾಭವೂ ಇದೆ.

ತವರದ ಸಾವಯವ ಸಂಯುಕ್ತಗಳುಳ್ಳ ನಿರೋಧಕ ಬಣ್ಣಗಳು ಕಡಲಿನ ಇತರ ಜೀವಿಗಳಿಗೂ ಹಾನಿಕರವೆಂದು ಕಂಡುಬಂದುದರಿಂದ 2001ರಲ್ಲಿ ಅಂಗೀಕೃತವಾಗಿ 2008ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಒಪ್ಪಂದವು ಅವುಗಳನ್ನು ನಿಷೇಧಿಸಿದೆ. ಹಳೆಯ ದಾಸ್ತಾನಿನ ಬಣ್ಣವು ಅಗ್ಗವಾಗಿ ದೊರೆತರೂ ಕೊಳ್ಳಬಾರದು.

ಸಿಹಿನೀರಿನ ಜಲಾಶಯ, ಕೆರೆ, ನದಿಗಳಲ್ಲಿ ಹಡಗುಹುಳುವಿನ ಬಾಧೆ ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಕೊಳೆತದ ಭಯ ಅಲ್ಲಿಯೇ ಹೆಚ್ಚು. ದಖ್ಖನಿನ ಜಲಾಶಯಗಳಲ್ಲಿ ದೋಣಿ ಇಟ್ಟುಕೊಂಡವರು ಈ ವ್ಯತ್ಯಾಸವನ್ನು ನೆನಪಿಡಬೇಕು.

ಮರದ ಜಾತಿಗೆ ತಕ್ಕ ಲೇಪ

ತೇಗದಲ್ಲಿ ಸಹಜವಾದ ಎಣ್ಣೆಯ ಅಂಶವಿರುವುದರಿಂದ ಅದು ಲೇಪವಿಲ್ಲದೆಯೂ ಬಹುಕಾಲ ಬಾಳುತ್ತದೆ. ಆದರೆ ಆ ಎಣ್ಣೆಯೇ ಲೇಪದ ಹಿಡಿತಕ್ಕೆ ಅಡ್ಡಿ. ಬಳಿಯುವ ಮುನ್ನ ಟರ್ಪೆಂಟೈನ್ ಅಥವಾ ಥಿನ್ನರ್‌ನಲ್ಲಿ ಅದ್ದಿದ ಬಟ್ಟೆಯಿಂದ ಮೇಲ್ಮೈಯನ್ನು ಒರೆಸಿ ಆರಲು ಬಿಡಬೇಕು. ಹೆಬ್ಬಲಸಿನ ಮರವೂ ಬಾಳಿಕೆಯುಳ್ಳದ್ದೇ. ಪಶ್ಚಿಮ ಕರಾವಳಿಯ ದೋಣಿಗಳಿಗೆ ಅದನ್ನು ಹೆಚ್ಚಾಗಿ ಬಳಸಲಾಗುತ್ತದೆ. ಇಂತಹ ಮರಗಳ ದೋಣಿಗೆ ಪಾರದರ್ಶಕ ಲೇಪವು ತಾತ್ಕಾಲಿಕವಾಗಿ ಸೋತರೂ ಕೂಡಲೇ ವಿಪತ್ತು ಒದಗದು. ಮಾವಿನ ಮರದಲ್ಲಿ ಕೊರೆದ ದೋಣಿಗೆ ಆ ಸೌಲಭ್ಯವಿಲ್ಲ. ಮಾವು ಬೇಗ ಕೊಳೆಯುತ್ತದೆ, ಕೀಟಗಳಿಗೂ ತುತ್ತಾಗುತ್ತದೆ. ಅಂತಹ ಅಗ್ಗದ ಮರಕ್ಕೆ ಸಂರಕ್ಷಕ ದ್ರಾವಣದ ಉಪಚಾರವೂ ಬಣ್ಣವೂ ಎರಡೂ ಬೇಕು. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯು ರಬ್ಬರ್ ಮರವನ್ನು ಸಂರಕ್ಷಕಗಳಿಂದ ಉಪಚರಿಸಿ ದೋಣಿ ನಿರ್ಮಾಣಕ್ಕೆ ಬಳಸುವ ವಿಧಾನವನ್ನು ರೂಪಿಸಿರುವುದು ಇಲ್ಲಿ ಉಲ್ಲೇಖನೀಯ. ಲೇಪವು ಹೊರಗಿನ ಅಂಗಿಯಿದ್ದಂತೆ. ಮರದೊಳಗಿನ ದೌರ್ಬಲ್ಯವನ್ನು ಅದು ನೀಗಿಸಲಾರದು.

ವೆಚ್ಚದ ತುಲನೆ

ಒಂದು ಚಿಕ್ಕ ಲೆಕ್ಕವನ್ನು ನೋಡೋಣ. ದೋಣಿಯ ಉದ್ದ 7 ಮೀಟರ್, ಅಗಲ 1.5 ಮೀಟರ್, ನೀರಿನ ಮೇಲೆ ಕಾಣುವ ಎತ್ತರ 0.6 ಮೀಟರ್ ಎಂದಿಟ್ಟುಕೊಳ್ಳೋಣ. ಉದ್ದ ಮತ್ತು ಅಗಲವನ್ನು ಕೂಡಿಸಿ, 2ರಿಂದ ಗುಣಿಸಿ, ಮತ್ತೆ ಎತ್ತರದಿಂದ ಗುಣಿಸಿದರೆ ಹೊರಮೈಯ ಅಂದಾಜು ಸಿಗುತ್ತದೆ: 8.5 x 2 x 0.6 = 10.2 ಚದರ ಮೀಟರ್. ಒಂದು ಲೀಟರ್ ಲೇಪವು ಒಂದು ಪದರಕ್ಕೆ ಸುಮಾರು 10 ಚದರ ಮೀಟರ್ ಬರುತ್ತದೆಂದು ಹಿಡಿದರೆ, ಈ ದೋಣಿಗೆ ಪದರಕ್ಕೆ ಒಂದು ಲೀಟರ್ ಬೇಕು.

ಬಣ್ಣದ ಪಕ್ಷದಲ್ಲಿ: ಪ್ರೈಮರ್ 1, ನಡುಪದರ 1, ಮೇಲ್ಪದರ 2, ಒಟ್ಟು 4 ಲೀಟರ್. ಮೂರು ವರ್ಷಗಳ ನಂತರ ಎರಡು ಮೇಲ್ಪದರಗಳಿಗೆ 2 ಲೀಟರ್. ಹೀಗೆ ಆರು ವರ್ಷಗಳಿಗೆ 6 ಲೀಟರ್. ದೋಣಿಯನ್ನು ಕೆಲಸಕ್ಕಾಗಿ ದಡದಲ್ಲಿ ನಿಲ್ಲಿಸುವುದು ಎರಡು ಬಾರಿ.

ವಾರ್ನಿಷ್‌ನ ಪಕ್ಷದಲ್ಲಿ: ಮೊದಲ ಬಾರಿ 6 ಪದರಗಳಿಗೆ 6 ಲೀಟರ್. ಅನಂತರದ ಐದು ವರ್ಷ, ವರ್ಷಕ್ಕೆ ಎರಡು ಪದರದಂತೆ 10 ಲೀಟರ್. ಒಟ್ಟು 16 ಲೀಟರ್. ದೋಣಿಯನ್ನು ನಿಲ್ಲಿಸುವುದು ಆರು ಬಾರಿ. ಬಿಸಿಲಿನ ತೀವ್ರತೆಯಿಂದ ವರ್ಷಕ್ಕೆ ಎರಡು ಬಾರಿ ನವೀಕರಿಸಬೇಕಾಗಿ ಬಂದರೆ 28 ಲೀಟರ್. ನಿಲ್ಲಿಸುವುದು ಹನ್ನೆರಡು ಬಾರಿ.

ಲೀಟರಿನ ಬೆಲೆ ಊರಿಂದ ಊರಿಗೆ ಬೇರೆಯಾಗಬಹುದು. ಆದರೆ ಈ ಅನುಪಾತ ಬದಲಾಗದು. ಇದಕ್ಕಿಂತ ಹೆಚ್ಚಿನ ವೆಚ್ಚ ದುಡಿಮೆಯ ದಿನಗಳದ್ದು. ಪ್ರತಿ ಪದರವೂ ಒಣಗಲು ಸಾಮಾನ್ಯವಾಗಿ ಒಂದು ದಿನ ಬೇಕು. ಆರು ಪದರಗಳೆಂದರೆ ಕಡಲಿಗಿಳಿಯದ ಆರು ದಿನಗಳು. ದಿನದ ಹಿಡುವಳಿಯಿಂದ ದಿನದ ಸಂಸಾರ ನಡೆಸುವವನಿಗೆ ಈ ಲೆಕ್ಕವೇ ನಿರ್ಣಾಯಕ.

ಕಾಲ ಮತ್ತು ನಿಯಮಗಳು

ಲೇಪವನ್ನು ಬಳಿಯುವಾಗ ಮರದ ತೇವಾಂಶವು ಸುಮಾರು ಶೇಕಡ 15ಕ್ಕಿಂತ ಹೆಚ್ಚಿರಬಾರದು. ಗಾಳಿಯ ಆರ್ದ್ರತೆ ಶೇಕಡ 85ನ್ನು ಮೀರಿರಬಾರದು. ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ 61 ದಿನಗಳು, ಅಂದರೆ ಜೂನ್ 1ರಿಂದ ಜುಲೈ 31ರವರೆಗೆ, ಮಳೆಗಾಲದ ನಡುವೆ ಬರುತ್ತವೆ. ದುರಸ್ತಿಗೆ ಬಿಡುವು ದೊರೆಯುವುದು ಆಗಲೇ ಆದರೂ ಬಣ್ಣಕ್ಕೆ ಅದು ತಕ್ಕ ಕಾಲವಲ್ಲ. ಮುಂಬಯಿ, ಮಂಗಳೂರು, ಕಾರವಾರದ ದೋಣಿಯವರು ಮರಗೆಲಸವನ್ನು ಆ ಅವಧಿಗೆ ಇಟ್ಟುಕೊಂಡು, ಬಣ್ಣವನ್ನು ಮೇ ತಿಂಗಳಿನಲ್ಲಿಯೇ ಅಥವಾ ಮಳೆ ತಾಗದ ಮಾಡಿನ ಅಡಿಯಲ್ಲಿ ಗಾಳಿ ಒಣಗಿರುವ ದಿನಗಳನ್ನು ನೋಡಿ ಬಳಿಯುವುದು ಲೇಸು. ಚೆನ್ನೈಯನ್ನೊಳಗೊಂಡ ಪೂರ್ವ ಕರಾವಳಿಯಲ್ಲಿ ನಿಷೇಧದ ಅವಧಿ ಏಪ್ರಿಲ್ 15ರಿಂದ ಜೂನ್ 14ರವರೆಗೆ ಇರುವುದರಿಂದ ಅಲ್ಲಿಯವರಿಗೆ ಒಣಹವೆಯೂ ಬಿಡುವೂ ಒಟ್ಟಿಗೆ ದೊರೆಯುತ್ತವೆ. ಆಯಾ ವರ್ಷದ ದಿನಾಂಕಗಳನ್ನು ಸರ್ಕಾರದ ಆದೇಶದಿಂದ ಖಚಿತಪಡಿಸಿಕೊಳ್ಳಬೇಕು.

ಮೀನುಗಾರಿಕೆ ದೋಣಿಗಳ ವಿಷಯದಲ್ಲಿ ಇನ್ನೊಂದು ಅಂಶವುಂಟು. 2008ರ ನವೆಂಬರ್ ತಿಂಗಳಿನ ಮುಂಬಯಿ ದಾಳಿಯ ನಂತರ ಕರಾವಳಿ ಭದ್ರತೆಯ ಅಂಗವಾಗಿ, ಯಾವ ರಾಜ್ಯದ ದೋಣಿಯೆಂದು ದೂರದಿಂದಲೇ ಗುರುತಿಸಲು ರಾಜ್ಯವಾರು ವರ್ಣಸಂಕೇತದ ವ್ಯವಸ್ಥೆಯನ್ನು ತರಲಾಯಿತು. ಆದುದರಿಂದ ನೋಂದಾಯಿತ ಮೀನುಗಾರಿಕೆ ದೋಣಿಯ ಯಜಮಾನನು ಲೇಪವನ್ನು ನಿರ್ಧರಿಸುವ ಮೊದಲು ತನ್ನ ರಾಜ್ಯದ ಮೀನುಗಾರಿಕೆ ಇಲಾಖೆಯನ್ನು ವಿಚಾರಿಸತಕ್ಕದ್ದು. ಅಂತಹ ದೋಣಿಗೆ ಬಣ್ಣವು ಆಯ್ಕೆಯಾಗಿರದೆ ಕಡ್ಡಾಯವಾಗಿರಬಹುದು.

ಕೆಲಸದ ಕ್ರಮ

ಲೇಪವು ಯಾವುದೇ ಇರಲಿ, ಅದರ ಬಾಳಿಕೆಯು ಪೂರ್ವಸಿದ್ಧತೆಯನ್ನು ಅವಲಂಬಿಸಿದೆ.

1. ದೋಣಿಯನ್ನು ಸಿಹಿನೀರಿನಿಂದ ತೊಳೆದು ಉಪ್ಪನ್ನು ಪೂರ್ಣವಾಗಿ ತೆಗೆದು, ನೆರಳಿನಲ್ಲಿ ಒಣಗಿಸಬೇಕು. ಉಪ್ಪು ಉಳಿದರೆ ಅದು ಗಾಳಿಯ ತೇವವನ್ನು ಸೆಳೆದು ಲೇಪವನ್ನು ಎಬ್ಬಿಸುತ್ತದೆ.

2. ಚಾಕುವಿನ ಮೊನೆಯಿಂದ ಹಲಗೆಯನ್ನು ಅಲ್ಲಲ್ಲಿ ಚುಚ್ಚಿ ನೋಡಬೇಕು. ಮೊನೆಯು ಸಲೀಸಾಗಿ ಇಳಿದಲ್ಲಿ, ಅಥವಾ ಸುತ್ತಿಗೆಯಿಂದ ತಟ್ಟಿದಾಗ ಮಂದವಾದ ಸದ್ದು ಬಂದಲ್ಲಿ, ಕೊಳೆತವಿದೆಯೆಂದು ಸಂಶಯಿಸಬೇಕು. ಕೊಳೆತ ಹಲಗೆಯನ್ನು ಬದಲಿಸದೆ ಅದರ ಮೇಲೆ ಬಣ್ಣ ಬಳಿಯುವುದು ಮಹಾಪ್ರಮಾದ.

3. ಸಡಿಲವಾದ ಹಳೆಯ ಲೇಪವನ್ನು ಕೆರೆದು, ಉಪ್ಪುಕಾಗದದಿಂದ ಮೊದಲು ಒರಟಾಗಿಯೂ ಅನಂತರ ನುಣುಪಾಗಿಯೂ ಮರದ ಗೆರೆಯ ಗುಂಟ ಉಜ್ಜಬೇಕು.

4. ಹಲಗೆಯ ಕಡಿದ ತುದಿಗಳಿಗೆ ವಿಶೇಷ ಗಮನ ಕೊಡಬೇಕು. ತುದಿಗಳು ಹಲಗೆಯ ಮುಖಕ್ಕಿಂತ ಹಲವು ಪಟ್ಟು ವೇಗವಾಗಿ ನೀರನ್ನು ಹೀರುತ್ತವೆ. ಅವುಗಳಿಗೆ ಒಂದೆರಡು ಪದರ ಹೆಚ್ಚಾಗಿಯೇ ಬಳಿಯಬೇಕು.

5. ವಾರ್ನಿಷ್‌ನ ಮೊದಲ ಪದರವನ್ನು ಥಿನ್ನರ್ ಬೆರೆಸಿ ತೆಳುವಾಗಿ ಬಳಿದರೆ ಅದು ಮರದೊಳಗೆ ಇಳಿಯುತ್ತದೆ. ಬಣ್ಣಕ್ಕಾದರೆ ಪ್ರೈಮರ್ ಪದರವು ಒಣಗಿದ ನಂತರ ಸಂದು, ಮೊಳೆಯ ತೂತುಗಳಿಗೆ ಪುಟ್ಟಿ ತುಂಬಬೇಕು.

6. ಬೆಳಗಿನ ಇಬ್ಬನಿ ಆರಿದ ಮೇಲೆ ಆರಂಭಿಸಿ, ಸಂಜೆಯ ತೇವ ಇಳಿಯುವ ಮೊದಲೇ ಲೇಪ ಆರುವಂತೆ ಕೆಲಸ ಮುಗಿಸಬೇಕು. ಸುಡುವ ಬಿಸಿಲಿನಲ್ಲಿ ಬಳಿಯಬಾರದು. ಪದರಗಳ ನಡುವೆ ನುಣುಪು ಕಾಗದದಿಂದ ಲಘುವಾಗಿ ಉಜ್ಜಿ ಧೂಳು ಒರೆಸಬೇಕು.

ಮೀನೆಣ್ಣೆಯನ್ನು ಬಹುಕಾಲ ಬಳಿದಿರುವ ದೋಣಿಗೆ ಬಣ್ಣವು ಹಿಡಿಯುವುದು ಕಷ್ಟ. ಎಣ್ಣೆಯ ಅಂಶವನ್ನು ಥಿನ್ನರ್‌ನಿಂದ ಹಲವು ಬಾರಿ ಒರೆಸಿ, ಉಜ್ಜಿ, ಒಂದು ಚಿಕ್ಕ ಭಾಗದಲ್ಲಿ ಬಣ್ಣವನ್ನು ಪರೀಕ್ಷಿಸಿದ ನಂತರವೇ ಪೂರ್ಣ ದೋಣಿಗೆ ಬಳಿಯಬೇಕು. ದೋಣಿಯ ಒಳತಳಕ್ಕೆ ದಪ್ಪ ಬಣ್ಣದ ಪೊರೆಗಿಂತ ಎಣ್ಣೆ ಅಥವಾ ಸಂರಕ್ಷಕ ದ್ರಾವಣವೇ ಉಚಿತ. ಹಲಗೆಯ ಎರಡು ಮುಖಗಳನ್ನೂ ಮುಚ್ಚಿದರೆ ಒಳಸೇರಿದ ತೇವಕ್ಕೆ ಹೊರಬರಲು ದಾರಿಯಿಲ್ಲದಾಗುತ್ತದೆ.

ಸುರಕ್ಷತೆ

ಹಳೆಯ ದೋಣಿಗಳಿಗೆ ಬಳಿದ ಪ್ರೈಮರ್‌ನಲ್ಲಿ ಕೆಂಪು ಸೀಸ ಇರುವ ಸಂಭವವುಂಟು. ಅದನ್ನು ಒಣದಾಗಿ ಉಜ್ಜಿದರೆ ಏಳುವ ಧೂಳು ವಿಷಕಾರಿ. ಮಕ್ಕಳ ಮೆದುಳಿನ ಬೆಳವಣಿಗೆಗೆ ವಿಶೇಷವಾಗಿ ಹಾನಿಕರ. ನೀರು ಹಾಕಿ ಉಜ್ಜಬೇಕು, ಮೂಗುಬಾಯಿಗಳಿಗೆ ತಕ್ಕ ಮುಖಕವಚ ಧರಿಸಬೇಕು, ಕೆರೆದ ಪುಡಿಯನ್ನು ಮರಳಿಗೆ ಬಿಡದೆ ಒಟ್ಟುಗೂಡಿಸಬೇಕು. ಮನೆಬಳಕೆಯ ಹಾಗೂ ಅಲಂಕಾರಿಕ ಬಣ್ಣಗಳಲ್ಲಿ ಸೀಸದ ಅಂಶವು ದಶಲಕ್ಷಕ್ಕೆ 90 ಭಾಗಗಳನ್ನು ಮೀರಬಾರದೆಂಬ 2016ರ ನಿಯಮವು 2017ರ ನವೆಂಬರ್ 1ರಿಂದ ಜಾರಿಯಲ್ಲಿದೆ. ಕೈಗಾರಿಕಾ ಬಣ್ಣಗಳಿಗೆ ಆ ಮಿತಿ ಅನ್ವಯಿಸುವುದಿಲ್ಲವಾದ ಕಾರಣ ಡಬ್ಬಿಯ ಮೇಲಿನ ವಿವರವನ್ನು ಓದಿಯೇ ಕೊಳ್ಳಬೇಕು.

ಅಗಸೆ ಎಣ್ಣೆಯಲ್ಲಿ ಅದ್ದಿದ ಬಟ್ಟೆಗಳನ್ನು ಮುದ್ದೆಮಾಡಿ ಎಸೆದರೆ ಅವು ಒಣಗುವಾಗ ತಾವೇ ಕಾದು, ಕಿಡಿಯಿಲ್ಲದೆಯೂ ಹೊತ್ತಿಕೊಳ್ಳುತ್ತವೆ. ಅವುಗಳನ್ನು ಬಯಲಿನಲ್ಲಿ ಬಿಡಿಬಿಡಿಯಾಗಿ ಹರಡಬೇಕು ಅಥವಾ ನೀರಿನಲ್ಲಿ ಮುಳುಗಿಸಿಡಬೇಕು. ಗೇರುಬೀಜದ ಸಿಪ್ಪೆಯ ಎಣ್ಣೆಯು ಚರ್ಮಕ್ಕೆ ತಗುಲಿದರೆ ಬೊಬ್ಬೆ ಏಳುತ್ತದೆ, ಕೈಗವಸು ಅವಶ್ಯ.

ನಿರ್ಧಾರ

ಮೇಲಿನ ಸಂಗತಿಗಳನ್ನು ಒಟ್ಟಾಗಿ ಪರಿಶೀಲಿಸಿದರೆ ಆಯ್ಕೆಯ ಮೂಲಸೂತ್ರವು ಸ್ಪಷ್ಟವಾಗುತ್ತದೆ. ಬಣ್ಣವು ಯಜಮಾನನ ಬಿಡುವಿಲ್ಲದ ದಿನಗಳಲ್ಲಿಯೂ ದೋಣಿಯನ್ನು ಕಾಯುತ್ತದೆ. ಪಾರದರ್ಶಕ ಲೇಪವು ದೋಣಿಯನ್ನು ಕಾಯಬೇಕಾದರೆ ಯಜಮಾನನು ಆ ಲೇಪವನ್ನು ಕಾಯಬೇಕು. ದೋಣಿಯು ಬಿಸಿಲಿನಲ್ಲಿ ಇರುವುದೋ ನೆರಳಿನಲ್ಲಿಯೋ, ಅದನ್ನು ನೋಡಿಕೊಳ್ಳಲು ಎಷ್ಟು ಕೈಗಳಿವೆ, ವರ್ಷಕ್ಕೆ ಎಷ್ಟು ದಿನ ದುಡಿಮೆಯನ್ನು ನಿಲ್ಲಿಸಬಹುದು ಎಂಬ ಮೂರು ಪ್ರಶ್ನೆಗಳಿಗೆ ಪ್ರಾಮಾಣಿಕವಾಗಿ ಉತ್ತರ ಕಂಡುಕೊಂಡರೆ ಆಯ್ಕೆಯು ತಾನಾಗಿಯೇ ನಿಶ್ಚಯವಾಗುತ್ತದೆ.

ಬಿಸಿಲಿನಲ್ಲಿ ದುಡಿಯುವ ದೋಣಿಗೆ ತಿಳಿವರ್ಣದ ಅಥವಾ ನಿಯಮಾನುಸಾರವಾದ ಬಣ್ಣವೇ ಯೋಗ್ಯ. ಮಾಡಿನ ಅಡಿಯಲ್ಲಿ ಇರುವ, ವಿಹಾರಕ್ಕೋ ಸ್ಪರ್ಧೆಗೋ ಬಳಸುವ, ಉತ್ತಮ ಮರದ ದೋಣಿಗೆ ಪಾರದರ್ಶಕ ಲೇಪವನ್ನು ಧಾರಾಳವಾಗಿ ಬಳಸಬಹುದು. ಇವೆರಡರ ನಡುವೆ ಒಂದು ಮಧ್ಯಮ ಮಾರ್ಗವೂ ಇದೆ: ಒಡಲಿಗೆ ಬಣ್ಣ ಬಳಿದು, ಅಂಚುಪಟ್ಟಿ, ಚುಕ್ಕಾಣಿಯ ಹಿಡಿ, ಹುಟ್ಟು ಮೊದಲಾದ ಚಿಕ್ಕ ಭಾಗಗಳಿಗೆ ಮಾತ್ರ ವಾರ್ನಿಷ್ ಬಳಿಯುವುದು. ಅವು ದಿನವೂ ಕಣ್ಣಿಗೆ ಬೀಳುತ್ತವೆ. ಅರ್ಧ ದಿನದ ಕೆಲಸದಲ್ಲಿ ನವೀಕರಿಸಬಹುದು.

ನಿಶ್ಚಯಕ್ಕೆ ಬರಲಾಗದವರು ಒಂದು ಮಾತನ್ನು ನೆನಪಿಡಬೇಕು. ವಾರ್ನಿಷ್ ಬಳಿದ ದೋಣಿಗೆ ಮುಂದೆ ಬಣ್ಣ ಬಳಿಯುವುದು ಸುಲಭ. ಬಣ್ಣ ಬಳಿದ ದೋಣಿಯನ್ನು ಮತ್ತೆ ಸಹಜವರ್ಣಕ್ಕೆ ತರುವುದು ಬಲು ಕಷ್ಟ. ವರ್ಣದ್ರವ್ಯವು ಮರದ ರಂಧ್ರಗಳಲ್ಲಿ ಕುಳಿತಿರುತ್ತದೆ. ಹೊಸ ದೋಣಿಯನ್ನು ಕಟ್ಟಿಸಿದವರು ಈ ಕ್ರಮವನ್ನು ಅರಿತು ಮೊದಲ ಡಬ್ಬಿಯನ್ನು ತೆರೆಯುವುದು ಒಳ್ಳೆಯದು.

ಅಭ್ಯಾಸಕ್ಕಾಗಿ ಪ್ರಶ್ನೆಗಳು

1. ಬಣ್ಣವು ಮೇಲಿನಿಂದ ಸವೆಯುವುದಕ್ಕೂ ವಾರ್ನಿಷ್ ಅಡಿಯಿಂದ ಕಳಚುವುದಕ್ಕೂ ಕಾರಣವೇನು?

2. ಮಳೆಯ ನೀರು ಕಡಲಿನ ನೀರಿಗಿಂತ ಮರಕ್ಕೆ ಹೆಚ್ಚು ಹಾನಿಕರ ಏಕೆ?

3. ಹಾವುದೋಣಿಗೆ ಸಾಕಾಗುವ ಎಣ್ಣೆಯ ಲೇಪವು ಮೀನುಗಾರಿಕೆ ದೋಣಿಗೆ ಏಕೆ ಸಾಲದು?

4. 9 ಮೀಟರ್ ಉದ್ದ, 2 ಮೀಟರ್ ಅಗಲ, ನೀರಿನ ಮೇಲೆ 0.7 ಮೀಟರ್ ಎತ್ತರವಿರುವ ದೋಣಿಗೆ ಆರು ವರ್ಷಗಳಲ್ಲಿ ಎಷ್ಟು ಲೀಟರ್ ಬಣ್ಣ ಅಥವಾ ವಾರ್ನಿಷ್ ಬೇಕಾಗಬಹುದೆಂದು ಲೆಕ್ಕ ಮಾಡಿ.

5. ನಿಮ್ಮ ಊರಿನ ಹತ್ತಿರದ ಕಡಲತೀರ ಅಥವಾ ಜಲಾಶಯದಲ್ಲಿರುವ ಮರದ ದೋಣಿಯೊಂದನ್ನು ನೋಡಿ, ಅದರ ಲೇಪವು ಅದರ ಬಳಕೆಗೆ ತಕ್ಕುದೇ ಎಂಬುದನ್ನು ಕಾರಣಸಹಿತ ವಿವರಿಸಿ.